ಗೋಡೆ ಕಡೆಯ ಕಿವಿ

ಹಾಸನದ ಸಾಲಗಾಮೆ ರಸ್ತೆಯಲ್ಲಿ, ಸೌದೆ ಡಿಪೋ ದಾಟಿದರೆ
ಇನ್ನಾಸಪ್ಪ ಮೇಸ್ತ್ರಿಯ ಗೋರಿಕಲ್ಲಿನ ಶೆಡ್ಡು.
ಹುಟ್ಟಿದ್ದು ಇಂಥ ದಿನ, ತೀರಿದ್ದು ಇಂಥ ದಿನ,
ನಡುವೆ ಒಂದು ಗೀಟು.
ಅಕ್ಷರ ಅವನವು, ಗೀಟು ನನ್ನದು.
ನನಗಾಗ ಹದಿಮೂರು.

ಒಂದು ಬೇಸಗೆ ಜೀಪಿಳಿದು ಬಂದರು
ಸಕಲೇಶಪುರದ ತೋಟದ ಎಮಿಲ್ಡಾ ಬಾಯಿ,
ಕಂಕುಳಲ್ಲಿ ಗೋಣಿದಾರ ಬಿಗಿದ ದಪ್ಪ ಪುಸ್ತಕ,
ಬಂಗಲೆಯ ಜೊತೆ ಹರಾಜಿನಲ್ಲಿ ಬಂದದ್ದಂತೆ.
ಪುಟಪುಟಕ್ಕೂ ತೆಳು ಕಾಗದದ ಪರದೆ,
ಪರದೆ ಎತ್ತಿದರೆ ಸತ್ತವರು:
ಕಬ್ಬಿಣದಂಗಿ ತೊಟ್ಟು, ಕೈಮುಗಿದು, ಅಂಗಾತ
ಯಾವುದೋ ಸೀಮೆಯ ಇಗರ್ಜಿಯೊಳಗೆ ಮಲಗಿದ ಪಾಳೇಗಾರರು,
ಅವರ ಹೆಂಡಿರು, ಕಾಲಬುಡದಲ್ಲಿ ನಾಯಿ.
'ನಮ್ಮವರನ್ನೂ ಹೀಗೆ ಮಾಡಿಕೊಡಿ ಮೇಸ್ತ್ರಿ.
ದುಡ್ಡಿನ ಮಾತು ಆಮೇಲೆ.'

ಮೂರು ದಿನ ಮೇಸ್ತ್ರಿ ಉಳಿ ಮುಟ್ಟಲಿಲ್ಲ.
ಬೀಡಿ ಆರಿಸಿ, ಕನ್ನಡಕ ಒರೆಸಿ,
ತಾಮ್ರದ ತಗಡಿನಲ್ಲಿ ಯಾರೋ ಕೊರೆದ ಗೆರೆಗಳನ್ನು ಎಣಿಸಿದ.
ಗೆರೆ ಒತ್ತಾದರೆ ಕತ್ತಲು, ಬಿಡಿಬಿಡಿಯಾದರೆ ಬೆಳಕು.
'ಸರಿ, ಕತ್ತಲು ಎಷ್ಟು ಬೆರಳು ಆಳ?
ಅದನ್ನ ಬರೆದಿಲ್ಲವಲ್ಲೋ!'

ನಾಲ್ಕನೆಯ ದಿನ ಇದ್ದಕ್ಕಿದ್ದಂತೆ ನಕ್ಕ.
'ಇಲ್ನೋಡು. ಅಂಗಾತ ಮಲಗಿದವಳ ನೆರಿಗೆ
ಪಕ್ಕಕ್ಕೆ ಜಾರಬೇಕೋ ಬೇಡವೋ?
ಇದು ನೆಟ್ಟಗೆ ಪಾದಕ್ಕಿಳಿದಿದೆ,
ನಲ್ಲಿ ಮುಂದೆ ಸರದಿಗೆ ನಿಂತವಳ ಸೀರೆಯ ಹಾಗೆ.
ನಿಂತವರನ್ನೇ ಕೆಡವಿ ಮಲಗಿಸಿದ್ದಾರೆ, ಕಳ್ಳರು.
ನಮ್ಮ ವೀರಗಲ್ಲೇ ವಾಸಿ,
ಸತ್ತವನು ಕೆಳಗಿನ ಪಟ್ಟಿಯಲ್ಲಿ ಇನ್ನೂ ಹೊಡೆದಾಡುತ್ತಾನೆ,
ಮಲಗಲು ಅವನಿಗೆಲ್ಲಿ ಪುರುಸೊತ್ತು!'

ಆಮೇಲೆ ಸಿಕ್ಕಿಬಿದ್ದ.
ಬರೆದವನು ನಿಂತದ್ದು ಒಂದೇ ಕಡೆ,
ಆಚೆ ಗೋಡೆ.
ಗೋಡೆ ಕಡೆಯ ಕೆನ್ನೆ, ಕಿವಿ, ಮೊಣಕೈ ಪುಸ್ತಕದಲ್ಲಿಲ್ಲ.
ಗಂಡನ ಫೋಟೋದಲ್ಲೂ ಅದೇ ಮಗ್ಗುಲು, ಇನ್ನೊಂದಿಲ್ಲ.

ಹುಲ್ಲು ಹಾಸಿದ ಗಾಡಿಯಲ್ಲಿ ಬಳಪದ ಕಲ್ಲು ಬಂತು.
ಮೇಸ್ತ್ರಿ ಪಕ್ಕದ ಚಪ್ಪಡಿ ತೋರಿಸಿ ನನಗೆ 'ಮಲಗು' ಅಂದ.
ಹೀಗೆ ನಾನು ಬೊನಿಫಾಸ್ ಪ್ರಭುಗಳಾಗಿ
ಹನ್ನೊಂದು ಮಧ್ಯಾಹ್ನ ಕೈಮುಗಿದು ಮಲಗಿದೆ.
ಬೆನ್ನಿಗೆ ಕಲ್ಲಿನ ತಂಪು, ಮೂಗಿನ ಮೇಲೆ ನೊಣ.
'ಸತ್ತವರು ಕೆಮ್ಮುತ್ತಾರೇನೋ?'
ಹೆಬ್ಬೆರಳಲ್ಲಿ ನನ್ನ ಕಿವಿಯ ಸುಳಿ ಅಳೆಯುವನು,
ಎರಡು ಏಟು ಹಾಕುವನು, ಮತ್ತೆ ಅಳೆಯುವನು.

ಚಿತ್ರದ ನಾಯಿಗೆ ಸಿಂಹದ ಜಂಬ, ಬೇಡ ಅಂತ
ಕಸಾಯಿ ಅಂಗಡಿಯ ಕೆಂಚನನ್ನು ಕರೆತಂದ.
ಮೂಳೆ ಮುಗಿಯುವ ತನಕ ಕೂತಿತ್ತು.
ಕಲ್ಲುನಾಯಿಯ ಕಣ್ಣು ಇವತ್ತಿಗೂ ಬಾಗಿಲ ಕಡೆ.

ಚಿತ್ರದವನ ಮೂಗು ಮುರಿದಿತ್ತು,
ಬರೆದವನು ಮುರುಕನ್ನೂ ಬಿಡದೆ ಬರೆದಿದ್ದ.
'ಸತ್ಯವಂತ' ಅಂದ ಮೇಸ್ತ್ರಿ,
ಇಡೀ ಮೂಗು ಕಡಿದ.

ಗುರುಗಳು ಒಪ್ಪಲಿಲ್ಲ.
'ಇವತ್ತು ಮಲಗಿಸಿದರೆ ನಾಳೆ ಅರಿಶಿನ,
ನಾಡಿದ್ದು ಕೋಳಿ. ಹೆಸರಿನ ಚಪ್ಪಡಿ ಸಾಕು.'
ಬಾಯಿಯವರು ಪುಸ್ತಕ ಒಯ್ದರು, ಮುಂಗಡ ವಾಪಸು ಕೇಳಲಿಲ್ಲ.
ಹೋಗುವ ಮುಂಚೆ ಕಲ್ಲಿನ ಮುಗಿದ ಕೈಯ ಮೇಲೆ ಕೈಯಿಟ್ಟು
ಬೆರಳು ಎಣಿಸುವವರ ಹಾಗೆ ಸ್ವಲ್ಪ ಹೊತ್ತು ನಿಂತಿದ್ದರು.

ಶೆಡ್ಡು ಈಗ ನನ್ನದು.
ಮೇಸ್ತ್ರಿಯ ಗೀಟು ನಾನೇ ಕಡಿದೆ, ಅಕ್ಷರವೂ ನನ್ನವೇ,
'ಪ್ಪ'ದ ಒತ್ತು ಕೊಂಚ ಸೊಟ್ಟ.
ಪ್ರಭುಗಳು ಗೋಡೆಗೆ ಹತ್ತಿ ಮಲಗಿದ್ದಾರೆ,
ಎದೆಯ ಮೇಲೆ ನಮ್ಮ ಬುತ್ತಿ, ಅಳತೆ ಟೇಪು, ಬಿಲ್ ಪುಸ್ತಕ.
ಕೇಳಿದವರಿಗೆ ಮಾರಾಟಕ್ಕಿಲ್ಲ ಅನ್ನುತ್ತೇನೆ.

ಅರವತ್ತೆರಡಾಯಿತು. ವಯಸ್ಸಾದಂತೆ ಕಿವಿ ಬೆಳೆಯುತ್ತದೆ
ಅನ್ನುತ್ತಾನೆ ಕ್ಷೌರದ ಹಾಲಪ್ಪ.
ನನ್ನವು ಜೋತಿವೆ,
ಒಂದರಲ್ಲಿ ಉಳಿಯ ಸದ್ದು ತುಂಬಿ ಬೇರೇನೂ ಇಳಿಯದು.
ಸಂಜೆ ಶಟರ್ ಎಳೆಯುವ ಮುಂಚೆ
ಗೋಡೆಗೂ ಕಲ್ಲಿಗೂ ನಡುವಿನ ನಾಲ್ಕು ಬೆರಳ ಸಂದಿಗೆ
ಕೈ ತೂರಿಸಿ ತಡಕುತ್ತೇನೆ.
ಇದೆ. ಹದಿಮೂರರದು.
ಸುಳಿಯಲ್ಲಿ ಧೂಳು ಕೂತಿರುತ್ತದೆ,
ಕಿರುಬೆರಳಲ್ಲಿ ತೆಗೆಯುತ್ತೇನೆ.